ಸೊಂಡ್ಲು

'ಆವತ್ತು ನಾನು ತಲೆಯಾಡಿಸಬಾರದಾಗಿತ್ತು.' ಶಿವರಂಜಿನಿ ಮುಖ ತೊಳೆಯುವ ಮೊದಲೇ ಡೈರಿ ತೆಗೆದು ಇಷ್ಟು ಬರೆದಳು. ಓದಿಕೊಂಡರೆ ಅದು ಮದುವೆಮನೆಯ ಪಂಕ್ತಿಯಲ್ಲಿ ಬೇಡದ ಎರಡನೆಯ ಒಬ್ಬಟ್ಟು ಹಾಕಿಸಿಕೊಂಡವಳ ಪೇಚಾಟದಂತೆ ಕಂಡಿತು. ಯಾರ ಮುಂದೆ ತಲೆಯಾಡಿಸಿದ್ದು, ಯಾವ ಪದಕ್ಕೆ ಎಂಬುದನ್ನೂ ಬರೆಯಬೇಕೆಂದು ಪೆನ್ನನ್ನು ಮತ್ತೆ ಕಾಗದಕ್ಕೆ ತಾಗಿಸಿದಳು. ತಾಗಿಸಿದಲ್ಲಿ ಒಂದು ಚುಕ್ಕೆ ಮೂಡಿತೇ ಹೊರತು ಅಕ್ಷರ ಬರಲಿಲ್ಲ. ಮೂರು ತಿಂಗಳಿಂದಲೂ ಹೀಗೆಯೇ. ತನ್ನ ಹೊರತು ಇನ್ನಾರೂ ಓದದ ಪುಸ್ತಕದಲ್ಲಿಯೇ ಆ ಪದವನ್ನು ಬರೆಯಲಾಗದವಳು ಇವತ್ತು ಹನ್ನೊಂದು ಗಂಟೆಗೆ ನಾಲ್ಕು ಜನರ ಎದುರು ಕೂತು ಏನು ಮಾಡಿಯೇನು ಎಂದು ಯೋಚಿಸಿದಳು. ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೊರಟಿದ್ದ ಅವ್ವ ಸಣ್ಣಮ್ಮ ತಲೆಗೆ ಟವೆಲ್ಲು ಸುತ್ತಿಕೊಳ್ಳುತ್ತ ನಡುಮನೆಗೆ ಬಂದು, "ಯಾನಮ್ಮಿ, ಇನ್ನೂವಿ ಬರಿತಾನೆ ಕುಂತಿದ್ದಯಾ? ಬಸ್ಸೇನು ನಿನ್ನ ಕೇಳ್ಕಂಡು ಒಂಟದಾ?" ಎಂದಳು. ಅವ್ವನ ಉಗುರುಗಳ ಸಂದಿಯಲ್ಲಿ ನಿನ್ನೆಯ ಹೂವಿನ ಹಳದಿ ಹಾಗೆಯೇ ಇತ್ತು. ಅವ್ವನಿಗೆ ಹೇಳಿಬಿಡಬಹುದಾಗಿತ್ತು. ಆದರೆ ಅವ್ವ ಕುದೇರಿನವಳು, ಅದೇ ಊರಿನ, ಶಿವರಂಜಿನಿಯ ಯೂನಿಟ್ಟಿನಲ್ಲೇ ಹಬೆಯ ಮೆಷಿನ್ ನೋಡಿಕೊಳ್ಳುವ ಪುಟ್ಟಮಾದು ಮಾವನನ್ನು ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚಾಗಿ ಕಂಡವಳು. ಕೇಳಿದರೆ ಚೀಲ ಕೆಳಗಿಟ್ಟು ಇಲ್ಲಿಯೇ ಕೂತುಬಿಟ್ಟಾಳು. ಶಿವರಂಜಿನಿ ಡೈರಿಯನ್ನು ಹಾಸಿಗೆಯ ಅಡಿಗೆ ತಳ್ಳಿ, ಹೊರಟೆ ಎನ್ನುವಂತೆ ತಲೆಯಾಡಿಸಿದಳು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರಿಗೆ ಆಧಾರ್ ಕಾರ್ಡು ಚಾಚಿದಳು. ಅವನು ಎಲ್ಲಿಗೆ ಎಂದದ್ದಕ್ಕೆ ಅವಳು ಹೇಳಿದ್ದು ಅವಳಿಗೇ ಕೇಳಿಸಲಿಲ್ಲ; ಎರಡನೆಯ ಸಲವೂ ಕೇಳಿಸಲಿಲ್ಲ; ಮೂರನೆಯ ಸಲಕ್ಕೆ ಹಿಂದಿನ ಸೀಟಿನ ಹೆಂಗಸು, "ನಗರಕ್ಕಂತೆ ಕಣಪ್ಪ" ಎಂದು ಅವಳ ಪರವಾಗಿ ಉತ್ತರ ಕೊಟ್ಟಳು. ಸೊನ್ನೆ ರೂಪಾಯಿಯ ಚೀಟಿಯನ್ನು ಮಡಚಿ ಹಿಡಿದುಕೊಂಡು, ಇವತ್ತು ಹೇಳಬೇಕಾದ್ದು ಒಂದೇ ಒಂದು ಪದ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಅವಳ ಕಂಪನಿಯ ವಕೀಲರು ಮೊನ್ನೆ ಫೋನಿನಲ್ಲಿ ಮೂರು ಸಲ ಹೇಳಿಕೊಟ್ಟಿದ್ದರು: ಇದು ನೀವು ಮಾಡಿದ ಭಾಷಾಂತರವೇ ಎಂದು ಕೇಳುತ್ತಾರೆ, ಹೌದು ಅನ್ನಿ. ಸರಿಯಾಗಿದೆಯೇ ಎಂದು ಕೇಳುತ್ತಾರೆ, ಹೌದು ಅನ್ನಿ. ಹೆಚ್ಚಿಗೆ ಮಾತಾಡುವುದು ಬೇಡ. ಹೆಚ್ಚಿಗೆ ಮಾತಾಡಬೇಡ ಎಂದು ಅವಳಿಗೆ ಯಾರಾದರೂ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಪ್ರಿಂಟ್ ಹಾಕಿದ ಹತ್ತಿ ಬಟ್ಟೆಗೆ ಬಣ್ಣ ಕಚ್ಚಿಕೊಳ್ಳಬೇಕಾದರೆ ಅದನ್ನು ಹಬೆಯಲ್ಲಿ ಹಾಯಿಸಬೇಕು. ಅವಳು ಕೆಲಸ ಮಾಡುವ ಯೂನಿಟ್ಟಿನಲ್ಲಿ ಹಬೆ ಮೇಲಿನಿಂದ ಬಟ್ಟೆಯ ಮೇಲೆ ಬೀಳುತ್ತಿತ್ತು. ಬಟ್ಟೆಯ ಅಡಿಯಲ್ಲಿ ಉದ್ದನೆಯ ಒಂದು ಸೀಳುಬಾಯಿ ಅದನ್ನು ಕೆಳಕ್ಕೆ ಹೀರುತ್ತಿತ್ತು. ಹಬೆ ನೂಲಿನೊಳಗೇ ಹಾದುಹೋಗುವುದರಿಂದ ಬಣ್ಣ ಒಂದೇ ಸಮ ಕೂರುತ್ತಿತ್ತು, ಒಂದು ಹನಿ ಕಲೆಯೂ ಬೀಳುತ್ತಿರಲಿಲ್ಲ. ಹಬೆಯನ್ನೂ ಹೀರುವುದನ್ನೂ ಹೀಗೆ ಜೋಡಿಸುವ ಕ್ರಮ ನಮ್ಮ ಪೇಟೆಂಟು, ಅದಕ್ಕೆ ಎರಡು ಸಾವಿರದ ಹದಿನೇಳರ ಜನವರಿಯಲ್ಲಿಯೇ ಅರ್ಜಿ ಹಾಕಿದ್ದೇವೆ, ಇವರ ಮೆಷಿನ್ ನಿಲ್ಲಿಸಿ ಎಂದು ಸೂರತ್ತಿನ ಒಂದು ಕಂಪನಿ ಕೋರ್ಟಿಗೆ ಹೋಗಿತ್ತು. ನಾವು ಅದಕ್ಕಿಂತ ಮೊದಲಿನಿಂದ ಬಳಸುತ್ತಿದ್ದೇವೆ ಎನ್ನುವುದು ಈ ಕಡೆಯವರ ಉತ್ತರ. ಹಳೆಯ ಸಾಮಾನಿನಿಂದ ಯೂನಿಟ್ಟಿನೊಳಗೇ ಮಾಡಿಕೊಂಡದ್ದಾದ್ದರಿಂದ ಯಾವ ಬಿಲ್ಲೂ ಇರಲಿಲ್ಲ. ಇದ್ದದ್ದು ಎರಡು ಸಾವಿರದ ಹದಿನಾರು ನವೆಂಬರ್ ಹತ್ತೊಂಬತ್ತರಂದು ಶಿಫ್ಟ್ ರಿಜಿಸ್ಟರಿನಲ್ಲಿ ಪುಟ್ಟಮಾದು ಮಾವ ಬರೆದಿದ್ದ ಒಂದು ಸಾಲು: 'ಸೊಂಡ್ಲು ಕಟ್ಕಂಡಿತ್ತು. ಬಿಚ್ಚಿ ತೊಳ್ದು ಹಾಕ್ದೊ.' ಬಟ್ಟೆಯಡಿಯ ಆ ಹೀರುಬಾಯಿಗೆ ಯೂನಿಟ್ಟಿನಲ್ಲಿ ಎಲ್ಲರೂ ಸೊಂಡ್ಲು ಎಂದೇ ಕರೆಯುವುದು. ಅವಳು ಆ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ, ಸೊಂಡ್ಲು ಇದ್ದ ಕಡೆ 'ಬಟ್ಟೆಯ ಕೆಳಗಿನ ಸಕ್ಷನ್ ಸ್ಲಾಟ್' ಎಂಬರ್ಥ ಬರುವಂತೆ ಬರೆದು, ಇದು ಸತ್ಯವಾದ ಭಾಷಾಂತರವೆಂದು ಕೆಳಗೆ ಸಹಿ ಮಾಡಿದ್ದಳು.

ತೆರಕಣಾಂಬಿ ದಾಟುವಾಗ ಬಿಸಿಲು ನೇರ ಮುಖಕ್ಕೆ ಬಿತ್ತು. ಆವತ್ತು ಮ್ಯಾನೇಜರ್ ಮಲ್ಲಿಕಾರ್ಜುನಸ್ವಾಮಿ ರಿಜಿಸ್ಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳ ಮೇಜಿನ ತನಕ ತಾವೇ ನಡೆದು ಬಂದಿದ್ದರು. ಯೂನಿಟ್ಟಿಗೆ ಸೇರಿ ಐದಾರು ವರ್ಷವಾದ, ಗಟ್ಟಿಯಾಗಿ ಬೈಯಲೂ ಬಾರದ ಮನುಷ್ಯ. ಕೇಸು ಬಿದ್ದಾಗಿನಿಂದ ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಆವತ್ತು ಮಾತ್ರ ಸ್ಕೂಲು ಬಿಟ್ಟ ಹುಡುಗನ ನಗು. "ಸಿಕ್ತಮ್ಮ. ಸೊಂಡ್ಲು ಅಂದ್ರೆ ಇದೇ ಸಕ್ಷನ್ ತಾನೇ?" ಎಂದಿದ್ದರು. ಅವಳು ತಲೆಯಾಡಿಸಿದಳು. ಅಷ್ಟೇ ನಡೆದದ್ದು. ಅವರು ಅಲ್ಲಿಂದಲೇ ವಕೀಲರಿಗೆ ಫೋನು ಹಚ್ಚಿ, ನಮ್ಮ ಲ್ಯಾಬಿನ ಹುಡುಗಿ, ಬಿಎಸ್ಸಿ ಮಾಡಿದ್ದಾಳೆ, ಇಂಗ್ಲಿಷು ಚೆನ್ನಾಗಿದೆ, ಅವಳೇ ಕನ್ಫರ್ಮ್ ಮಾಡಿದಳು ಎಂದರು. ಅವರು ಕೇಳಿದ್ದು ಇವತ್ತಿನ ಸೊಂಡ್ಲಿನ ಬಗ್ಗೆ, ನಾನು ತಲೆಯಾಡಿಸಿದ್ದೂ ಇವತ್ತಿನದಕ್ಕೆ, ಆದ್ದರಿಂದ ಅದು ಸುಳ್ಳಲ್ಲ ಎಂದು ಅವಳು ಮೂರು ತಿಂಗಳಿಂದ ತನ್ನೊಳಗೆ ವಾದಿಸುತ್ತಿದ್ದಳು. ಈ ವಾದದಲ್ಲಿ ಗೆದ್ದ ದಿನ ಊಟ ಸೇರುತ್ತಿತ್ತು. ಸೋತ ದಿನಗಳಲ್ಲಿ ಬೇರೆಯೇ ಒಂದು ಪ್ರಶ್ನೆ ಏಳುತ್ತಿತ್ತು: ತಲೆಯಾಡಿಸುವ ಆ ಗಳಿಗೆಯಲ್ಲಿ ನನಗೆ ಗೊತ್ತಿತ್ತೋ ಇಲ್ಲವೋ. ಆಮೇಲೆ ನೆನಪಾಯಿತು ಎಂದರೆ ಅದು ಮರೆವು. ಆಗಲೇ ನೆನಪಿತ್ತು ಎಂದರೆ ಅದಕ್ಕೆ ಬೇರೆ ಹೆಸರಿದೆ. ಬಸ್ಸಿನ ಕಿಟಕಿಯ ಸರಳಿಗೆ ಹಣೆ ಆನಿಸಿ ಈಗ ಒಪ್ಪಿಕೊಂಡಳು. ಗೊತ್ತಿತ್ತು. ಅವರು ಸೊಂಡ್ಲು ಎಂದು ಬಾಯಿಬಿಟ್ಟ ಕೂಡಲೇ ಅವಳ ಕಣ್ಣಿಗೆ ಬಂದಿದ್ದು ಬಟ್ಟೆಯ ಕೆಳಗಿನ ಸೀಳುಬಾಯಿಯಲ್ಲ, ಹೂವಿನ ಹಾರ ಹಾಕಿಸಿಕೊಂಡು ಮೇಲೆ ಬಾಗಿ ನಿಂತಿದ್ದ ಒಂದು ದಪ್ಪ ತಗಡಿನ ಕೊಳವೆ.

ಅವಳು ಮೊದಲ ಪಿಯುಸಿಯಲ್ಲಿದ್ದಾಗಿನ ಆಯುಧಪೂಜೆ. ಅದೇ ಹದಿನಾರನೆಯ ಇಸವಿ, ರಿಜಿಸ್ಟರಿನ ಆ ಸಾಲಿಗೆ ಒಂದೂವರೆ ತಿಂಗಳ ಮುಂಚೆ. ಪುಟ್ಟಮಾದು ಮಾವ ಅವ್ವನನ್ನೂ ಅವಳನ್ನೂ ತಾನು ಕೆಲಸ ಮಾಡುವ ಜಾಗ ತೋರಿಸಲು ಕರೆದುಕೊಂಡು ಹೋಗಿದ್ದರು. ಮೆಷಿನ್ನುಗಳಿಗೆಲ್ಲ ತೊಳೆದು ಕುಂಕುಮ ಇಟ್ಟಿದ್ದರು. ಹಬೆಯ ಮೆಷಿನ್ನಿನ ಮೇಲೆ ತಗಡಿನ ದೊಡ್ಡ ಮುಚ್ಚಳ, ಅದರ ಮುಂಭಾಗದಿಂದ ಹೊರಟು ಬಾಗಿ ಗೋಡೆಯಾಚೆ ಹೋಗುವ ಕೊಳವೆ. ಯಾರೋ ಮುಚ್ಚಳಕ್ಕೆ ಸುಣ್ಣದಲ್ಲಿ ಕಣ್ಣು ಬರೆದು, ಬಾಳೆದಿಂಡಿನ ಎರಡು ದಂತ ಕಟ್ಟಿ, ಕೊಳವೆಗೆ ಚೆಂಡುಹೂವಿನ ಹಾರ ಸುತ್ತಿದ್ದರು. "ನಮ್ಮಾನೆ ಕಣವ್ವ ಇದು, ಬಂಡೀಪುರದ್ದಲ್ಲ. ಜೋಳದ ಹೊಲಕ್ಕೆ ನುಗ್ಗಕಿಲ್ಲ. ಈ ಸೊಂಡ್ಲು ಹಬೆಯ ಕುಡುದು ಆಚಿಕೆ ಉಗೀತದ, ಅಷ್ಟೇಯ" ಎಂದು ಮಾವ ನಗಾಡಿದ್ದರು. ಮಂಗಳಾರತಿಯ ಹೊತ್ತಿಗೆ ತಟ್ಟೆಯಿಂದ ನಿಂಬೆಹಣ್ಣೊಂದು ಉರುಳಿ ಮೆಷಿನ್ನಿನಡಿಗೆ ಹೋಯಿತು. ಅವಳೇ ಮೊಣಕಾಲೂರಿ ಬಗ್ಗಿ ಕೈಚಾಚಿ ತೆಗೆದುಕೊಟ್ಟಳು. ಬಟ್ಟೆಯ ಅಡಿಯಲ್ಲಿ ಸಾಲು ರೋಲರು, ಅದರಡಿ ಒದ್ದೆ ಸಿಮೆಂಟು ನೆಲ. ಬೇರೆ ಏನೂ ಇರಲಿಲ್ಲ. ಇರಲಿಲ್ಲ ಎನ್ನುವುದು ಅವಳ ಮೊಣಕಾಲಿಗೆ ಈಗಲೂ ತಣ್ಣಗೆ ನೆನಪಿತ್ತು. ಆ ತಗಡಿನ ಮುಚ್ಚಳದಲ್ಲಿ ಹಬೆ ತಣಿದು ಹನಿಯಾಗಿ ಬಟ್ಟೆಯ ಮೇಲೆ ತೊಟ್ಟಿಕ್ಕಿ ಪ್ರಿಂಟು ಕೆಡುತ್ತದೆಂದು ವರ್ಷಗಟ್ಟಲೆ ಬೈಸಿಕೊಂಡ ಮೇಲೆ ಮಾವ ಆ ಕೊಳವೆಯನ್ನೇ ಕತ್ತರಿಸಿ, ಚಪ್ಪಟೆ ಮಾಡಿ, ಬಟ್ಟೆಯ ಅಡಿಗೆ ತಂದು ಕೂರಿಸಿದ್ದು ಹದಿನೆಂಟರ ಬೇಸಿಗೆಯಲ್ಲಿ. ಆ ವಾರ ಗುಂಡ್ಲುಪೇಟೆಯ ಮನೆಗೆ ಬಂದವರು ಅವ್ವ ಕೊಟ್ಟ ಕಾಫಿಯನ್ನು ತಟ್ಟೆಗೆ ಬಗ್ಗಿಸಿಕೊಂಡು ಸೊರ್ ಎಂದು ಎಳೆದು ತೋರಿಸಿದ್ದರು: ಬಿಸಿಯನ್ನು ಹೀಗೆ ಎಳೆದುಕೊಂಡರೆ ನಾಲಿಗೆ ಸುಡುವುದಿಲ್ಲವಲ್ಲ, ಬಟ್ಟೆಗೂ ಹಂಗೆಯೇ ಎಂದು. ಕೊಳವೆ ಕೆಳಗಿಳಿದಾಗ ಅದರ ಹೆಸರೂ ಅದರ ಜೊತೆಯಲ್ಲಿಯೇ ಕೆಳಗಿಳಿದಿತ್ತು. ಪದ ಒಂದೇ, ಜಾಗ ಎರಡು. ಹದಿನಾರರಲ್ಲಿ ಅಲ್ಲಿದ್ದ ಬೇರೆಯವರೆಲ್ಲ ಕೆಲಸ ಬಿಟ್ಟುಹೋಗಿದ್ದರು, ಉಳಿದದ್ದು ಮಾವ. ಮತ್ತು ನಿಂಬೆಹಣ್ಣು ತೆಗೆದುಕೊಟ್ಟ ಅವಳು.

ಯೂನಿಟ್ಟಿನ ಗೇಟು ಊರು ಇನ್ನೂ ಎರಡು ಮೈಲಿ ಇರುವಾಗಲೇ ಬರುತ್ತದೆ. ಇಳಿಯುವವರು ಕೂಗಿ ಹೇಳಬೇಕು. ಅವಳು ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಇನ್ನೇನು ಕೂಗಬೇಕು ಎನ್ನುವಷ್ಟರಲ್ಲಿ ಗೇಟು ಹಿಂದೆ ಸರಿಯಿತು. ಮುಂದಿನ ಸ್ಟಾಪಿನಲ್ಲಿ ಬೇರೆ ಯಾರೋ ಇಳಿದಾಗ ಅವರ ಹಿಂದೆ ಇಳಿದು ವಾಪಸು ನಡೆದಳು. ವಾರಕ್ಕೆ ಎರಡು ದಿನವಾದರೂ ಹೀಗಾಗುತ್ತಿತ್ತು. ಅದಕ್ಕಾಗಿಯೇ ಒಂದು ಬಸ್ಸು ಮುಂಚೆ ಹೊರಡುವುದನ್ನು ರೂಢಿಸಿಕೊಂಡಿದ್ದಳು. ಇವತ್ತು ಈ ನಡಿಗೆ ಬೇಗ ಮುಗಿಯದಿದ್ದರೆ ಸಾಕೆನಿಸಿತು. ಎದುರು ಬರುವ ಪ್ರತಿಯೊಂದು ಕಾರೂ ಕಮಿಷನರ್ ಇರುವ ಕಾರಿನಂತೆ ಕಂಡಿತು. ಕೋರ್ಟೇ ನೇಮಿಸಿ ಕಳಿಸಿದ ಅವರು ಮೆಷಿನ್ ನೋಡಿ, ಸಾಕ್ಷಿಗಳ ಹೇಳಿಕೆಯನ್ನು ಇಲ್ಲಿಯೇ ಬರೆದುಕೊಂಡು ಹೋಗುತ್ತಾರಂತೆ. ಮೊದಲು ಅವಳದು, ಆಮೇಲೆ ಪುಟ್ಟಮಾದುವಿನದು. ಸುಳ್ಳು ಸಾಕ್ಷಿಗೆ ಏಳು ವರ್ಷದವರೆಗೆ ಜೈಲು ಎಂದು ಮೊಬೈಲಿನಲ್ಲಿ ಓದಿದ್ದಳು; ಓದಿದ್ದನ್ನು ಯಾರಾದರೂ ಹುಡುಕಿ ಹಿಡಿದಾರೆಂದು ಅಳಿಸಿದ್ದಳು; ಅಳಿಸಿದ್ದೇ ಇನ್ನೊಂದು ತಪ್ಪಿರಬಹುದೇ ಎಂದು ಹೆದರಿದ್ದಳು.

ಒಳಗೆ ಬಣ್ಣದ ಗೋಂದಿನ ಹುಳಿ ವಾಸನೆ. ಮಡಿಕೆ ಹಾಕುವ ಉದ್ದನೆಯ ಮೇಜಿನ ಹತ್ತಿರ ಭಾನು ನಿಂತಿದ್ದಳು, ಶಿವರಂಜಿನಿಯ ಜೊತೆಗೇ ಕೆಲಸಕ್ಕೆ ಸೇರಿದವಳು, ಇಲ್ಲಿ ಅವಳ ಹತ್ತಿರ ಕೂತು ಉಣ್ಣುವ ಒಬ್ಬಳೇ. ಜಡ್ಜಮ್ಮ ಬರ್ತಾರಂತೆ, ಪೌಡರಾದ್ರೂ ಹಚ್ಕಬಾರದೇನಮ್ಮಿ, ಮಕ ನೋಡುದ್ರೆ ನೀನೇ ಕದ್ದಂಗದೆ ಎಂದು ರೇಗಿಸಿದಳು. ಕದ್ದಂಗದೆ ಎಂಬ ಮಾತಿಗೆ ಶಿವರಂಜಿನಿಯ ಕಿವಿ ಬಿಸಿಯಾಯಿತು. ಭಾನು ಬಟ್ಟೆಯ ಅಂಚಿಗೆ ಅಂಚು ಕೂಡಿಸುತ್ತ, ನೋಡದೆಯೇ ಕೇಳಿದಳು: ನಿಜವಾಗಿಯೂ ಮೆಷಿನ್ನಿಗೆ ಸೀಲು ಹಾಕಿಬಿಡುತ್ತಾರಾ? ಹಬೆ ಸೆಕ್ಷನ್ನು ನಿಂತರೆ ಪ್ರಿಂಟೂ ನಿಂತಂಗೆ, ಮಡಿಕೆಯೂ ನಿಂತಂಗೆ, ಅರವತ್ತು ಜನ ಮನೆಗೆ. ತಾನು ಮನೆಯಲ್ಲಿ ಕೂತರೆ ಅತ್ತೆಗೆ ಹಬ್ಬ ಎಂದಳು. ಆಮೇಲೆ, "ಓಗ್ಲಿ ಬುಡು, ನಿಮ್ಮವ್ವನ್ ಜೊತೇಲಿ ಚೆಂಡೂವ ಕೀಳಕೆ ಓಗನ. ನೀ ಅಲ್ಲೂ ಮಾತಾಡ್ಬೇಡ, ಊವೂ ಮಾತಾಡಕಿಲ್ಲ, ಸರೋಯ್ತದೆ" ಎಂದು ನಕ್ಕಳು. ನಗುವಾಗ ಅವಳ ಕೈ ಮಾತ್ರ ಮಡಿಕೆ ತಪ್ಪಿ ಇನ್ನೊಮ್ಮೆ ಬಟ್ಟೆ ಬಿಡಿಸಿಕೊಂಡಿತು. ಶಿವರಂಜಿನಿ ಅದನ್ನು ಕಂಡಳು. ಒಂದು ತಲೆಯಾಡಿಸುವಿಕೆಗೆ ಇಷ್ಟು ಜನ ಜೋತುಬಿದ್ದಿದ್ದಾರೆ, ಅದನ್ನು ಹಾಗೆಯೇ ಬಿಟ್ಟುಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ, ಸೂರತ್ತಿನ ಆ ದೊಡ್ಡ ಕಂಪನಿಗೆ ಒಂದು ಮೆಷಿನ್ನು ಹೋದರೆ ಎಷ್ಟು ಹೋಯಿತು ಎಂದು ಹೇಳಿಕೊಂಡಳು. ಈ ಮಾತು ಎಷ್ಟು ಸುಲಭವಾಗಿ ಬಂದಿತೆಂದರೆ ಅದನ್ನು ಹೇಳಿದ್ದು ತಾನೇ ಹೌದೇ ಎಂದು ಹಿಂದಿರುಗಿ ನೋಡುವಂತಾಯಿತು.

ಆಫೀಸಿನ ಹೊರಗಿನ ಬೆಂಚಿನ ಮೇಲೆ ಪುಟ್ಟಮಾದು ಆಗಲೇ ಬಂದು ಕೂತಿದ್ದರು. ಬಿಳಿ ಅಂಗಿ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಗೆರೆ ಎದೆಯ ಮೇಲೆ ಅಡ್ಡಡ್ಡ. ಹಣೆಯಲ್ಲಿ ಮಾದಪ್ಪನ ವಿಭೂತಿ. ಮೂವತ್ತು ವರ್ಷ ಹಬೆಯ ಹತ್ತಿರ ನಿಂತು ಅವರ ಮುಂಗೈಯ ಕೂದಲು ಉದುರಿ ಚರ್ಮ ನುಣ್ಣಗಾಗಿತ್ತು. ಪಕ್ಕದಲ್ಲಿ ಜಾಗ ಬಿಟ್ಟು ಕೂರು ಎಂದರು. ಕೂತಳು. ಆಮೇಲೆ ಅವರು ದನಿ ತಗ್ಗಿಸಿ ಹೇಳಿದರು.

"ನಗಾಡ್ಬೇಡ ಕಣವ್ವ. ನಂಗೊಂದು ಅನ್ಮಾನ ಅದ. ಆ ಸೊಂಡ್ಲ ನಾ ಕೆಳಿಕೆ ಇಳಿಸ್ದಾಗ ನಿಮ್ಮತ್ತೆ ಕಣ್ಣಾಪ್ರೇಸನ್ ಆಗಿ ಕಪ್ಪು ಕನ್ನಡ್ಕ ಆಕಂಡಿದ್ಲು. ಅದು ಹದ್ನೆಂಟ್ರಲ್ಲಿ ಅಂತ್ಲೇ ನಾನಿದ್ದಿ. ಮ್ಯಾನೇಜ್ರು ನಿನ್ನ ಇಂಗ್ಲೀಸ್ ಕಾಗ್ದ ತೋರುದ್ರು. ಅದ್ರಲ್ಲಿ ಹದ್ನಾರ್ರಲ್ಲೇ ಕೆಳಗಿತ್ತು ಅಂತ ಅದಂತಲ್ಲ."

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನೀ ಬರ್ದಿದ್ರೆ ಸರ್ಯಾಗೇ ಇರ್ತದ ಬುಡು. ಓದ್ದೋಳು. ನಂಗೇ ಮರ್ತೋಗದೆ. ಅಂಗಾರೆ ಅವಳ ಆಪ್ರೇಸನ್ನೂ ಹದ್ನಾರ್ರಲ್ಲೇ ಆಗಿರ್ಬೇಕು, ಅಲ್ವಾ?"

ಅವಳು ತಲೆಯಾಡಿಸಿದಳು. ಆಡಿಸಿಬಿಟ್ಟಿದ್ದಳು, ಕತ್ತು ತನ್ನ ಕೆಲಸ ಮುಗಿಸಿ ಸುಮ್ಮನಾದ ಮೇಲೆ ಅವಳಿಗೆ ತಿಳಿಯಿತು. ಮಾವ ಸಮಾಧಾನವಾದವರಂತೆ ಉಸಿರುಬಿಟ್ಟು ಬೆರಳು ಮಡಿಸತೊಡಗಿದರು. ಆಪರೇಷನ್ ಹದಿನಾರರಲ್ಲಾದರೆ ದೊಡ್ಡ ಮಗಳ ಬಾಣಂತನ ಅದಕ್ಕೂ ಹಿಂದಿನ ವರ್ಷ. ಹಂಗಾದರೆ ಮೊಮ್ಮಗಳಿಗೆ ಈಗ ಎಷ್ಟಾಯಿತು? ಅಲ್ಲಿಗೆ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದರು. ಸುಂದ್ರಮ್ಮ ಇದ್ದಿದ್ದರೆ ಕೇಳಬಹುದಿತ್ತು, ಅವಳಿಗೆ ಇಂಥವೆಲ್ಲ ನೆನಪಿರುತ್ತಿತ್ತು ಎಂದರು. ಸುಂದ್ರಮ್ಮ ಅತ್ತೆ ಕೊರೊನಾದ ಎರಡನೆಯ ಸುತ್ತಿನಲ್ಲಿ ಹೋಗಿದ್ದರು. ಶಿವರಂಜಿನಿ ಮಾವನ ಬೆರಳುಗಳನ್ನೇ ನೋಡಿದಳು. ತನ್ನ ಒಂದು ಪದ ಹೊಂದಲೆಂದು ಈ ಮನುಷ್ಯ ಸತ್ತ ಹೆಂಡತಿಯ ಕಣ್ಣನ್ನು ಎರಡು ವರ್ಷ ಹಿಂದಕ್ಕೆ ಒಯ್ಯುತ್ತಿದ್ದಾನೆ, ಮೊಮ್ಮಗಳ ಹುಟ್ಟನ್ನು ಒಯ್ಯುತ್ತಿದ್ದಾನೆ. ಇವತ್ತು ಸಂಜೆಯ ಹೊತ್ತಿಗೆ ಅವರಿಗೆ ಅದೆಲ್ಲ ನಿಜವಾಗಿಯೇ ಹಾಗೆ ನೆನಪಿರುತ್ತದೆ. ಅವರು ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಭಯಂಕರವಾದದ್ದು ನಡೆಯುತ್ತದೆ. ಮಾದಪ್ಪನ ಹೆಸರಿನಲ್ಲಿ ಪ್ರಮಾಣ ಮಾಡಿ, ನಿಜವೆಂದೇ ನಂಬಿಕೊಂಡು, ಇಲ್ಲದ್ದನ್ನು ಇತ್ತು ಎನ್ನುತ್ತಾರೆ.

"ಯಾರ್ದೂ ಕದ್ದಿದ್ದಲ್ಲ ಕಣವ್ವ ಅದು," ಎಂದರು ಪುಟ್ಟಮಾದು, ಅವಳು ಎದ್ದು ನಿಂತಾಗ. "ಅವ್ರ ಊರೇ ನಂಗೊತ್ತಿಲ್ಲ."

ಹೆಂಗಸರ ಟಾಯ್ಲೆಟ್ಟಿನಲ್ಲಿ ಚಿಲಕ ಹಾಕಿಕೊಂಡು ನಿಂತಳು. ಕನ್ನಡಿಯಲ್ಲಿ ಕತ್ತು ಸಣ್ಣದಾಗಿ, ತನ್ನದಲ್ಲವೆಂಬಂತೆ ಕಂಡಿತು. ಹೋದ ವರ್ಷ ಪುಣಜನೂರಿನಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಮದುವೆಯಾದ ಮೇಲೆ ಕೆಲಸಕ್ಕೆ ಹೋಗುತ್ತೀಯಾ ಎಂದು ಗಂಡಿನ ಅಕ್ಕ ಕೇಳಿದಾಗ ತಲೆಯಾಡಿಸಿದಳು. ಬಿಟ್ಟುಬಿಡುತ್ತೀಯಾ ಎಂದು ಅವನ ತಾಯಿ ಕೇಳಿದಾಗಲೂ ಆಡಿಸಿದಳು. "ಎಲ್ಡಕ್ಕೂ ಆಡುಸ್ತಾಳೆ, ಕೋಲೆ ಬಸವನಂಗೆ" ಎಂದು ಆಕೆ ಅಂಗಳಕ್ಕಿಳಿಯುವಾಗ ಹೇಳಿದ್ದು ಒಳಗಿದ್ದವರಿಗೆಲ್ಲ ಕೇಳಿಸಿತ್ತು. ಅವ್ವ ಆ ದಿನ ಲೋಟ ತೊಳೆಯುತ್ತ ಬಹಳ ಹೊತ್ತು ಬಚ್ಚಲಲ್ಲೇ ಉಳಿದಿದ್ದಳು. ಅವರಿಗೆ ಹೇಗೆ ಹೇಳುವುದು, ತಲೆಯಾಡಿಸುವುದೆಂದರೆ ತನಗೆ ಒಪ್ಪಿಗೆಯಲ್ಲ, ಕೇಳುವವರ ಕಣ್ಣು ತನ್ನ ಮೇಲಿನಿಂದ ಸರಿಯಲಿ ಎನ್ನುವುದಷ್ಟೇ. ಯಾವ ಪ್ರಶ್ನೆಯಾದರೂ ತಲೆಯಾಡಿಸಿದರೆ ಮುಗಿಯುತ್ತದೆ. ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅವಳು ಇದುವರೆಗೆ ನೋಡಿರಲಿಲ್ಲ. ಗೋಡೆಯಾಚೆ ಸೊಂಡ್ಲಿನ ಬ್ಲೋವರ್ ಚಾಲೂ ಆಯಿತು. ಕಮಿಷನರಿಗೆ ತೋರಿಸಲು ಓಡಿಸುತ್ತಿರಬೇಕು. ಆ ಸೀಳುಬಾಯಿಯ ಹತ್ತಿರ ಒಮ್ಮೆ ಅವಳ ದುಪಟ್ಟಾದ ಅಂಚು ಹೋಗಿ ಕಚ್ಚಿಕೊಂಡಿತ್ತು. ಬಿಗಿಯಾಗಿ, ಸದ್ದಿಲ್ಲದೆ ಎಳೆದಿತ್ತು. ಆಗ ಮಾವ ಓಡಿಬಂದು ಸ್ವಿಚ್ಚು ಆರಿಸಿ ಬೈದಿದ್ದರು, ಕೂಗಬಾರದೇನಮ್ಮಿ, ಕುತ್ಗೆ ಸಿಕ್ಕಂಡಿದ್ರೆ ಏನ್ ಗತಿ ಎಂದು. ಅವಳು ಕೂಗಿರಲಿಲ್ಲ. ಯಾರಾದರೂ ನೋಡಲಿ ಎಂದು ನಿಂತಿದ್ದಳು. ಯಾರೋ ಬಾಗಿಲು ಬಡಿದು, ರಂಜಿನಿ, ಕರೀತಾವ್ರೆ ಬಾ ಎಂದರು.

ಮೀಟಿಂಗ್ ರೂಮಿನಲ್ಲಿ ಅವಳಿಗೆಂದು ಬೆನ್ನು ಆನಿಸಿಕೊಳ್ಳುವ ಒಳ್ಳೆಯ ಕುರ್ಚಿಯನ್ನು ಮಲ್ಲಿಕಾರ್ಜುನಸ್ವಾಮಿ ತಾವೇ ಎಳೆದಿಟ್ಟರು. ಕಮಿಷನರ್ ನೀಲಾವತಿ ಮೈಸೂರಿನ ವಕೀಲೆ, ಐವತ್ತರ ಹತ್ತಿರದ ಹೆಂಗಸು. ಮೆಷಿನ್ ನೋಡಿ ಬಂದು ಬಣ್ಣದ ವಾಸನೆಗೆ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದ ಟೈಪಿಸ್ಟು. ಕಂಪನಿಯ ವಕೀಲರು ಅವಳತ್ತ ಕಣ್ಣಿನಲ್ಲೇ ಧೈರ್ಯ ಹೇಳಿದರು. ಅವರ ಎದುರಿಗೆ ಸೂರತ್ತಿನವರ ಪರವಾಗಿ ಬಂದ ಬೆಂಗಳೂರಿನ ಯುವ ವಕೀಲ. ಅವನು ಗದರುತ್ತಾನೆ ಎಂದು ಅವಳು ಹೆದರಿ ಬಂದಿದ್ದಳು; ಅವನು ನೀರಿನ ಲೋಟವನ್ನು ಅವಳ ಕಡೆಗೆ ಸರಿಸಿದ. ಅದು ಇನ್ನೂ ಹೆದರಿಕೆ ತಂದಿತು. ಸತ್ಯವನ್ನೇ ಹೇಳುತ್ತೇನೆಂದು ಓದಿಸಿದ್ದನ್ನು ತುಟಿ ಅಲುಗಿಸಿ ಒಪ್ಪಿಸಿದಳು. ಹೆಸರು. ವಯಸ್ಸು. ಓದು. ಇದು ನಿಮ್ಮ ಸಹಿಯೇ? ಹೌದು. ಭಾಷಾಂತರ ನೀವೇ ಮಾಡಿದ್ದೇ? ಹೌದು. ಎರಡು ಹೌದು ಆಗಿಯೇ ಹೋಯಿತು, ಇನ್ನೊಂದು ಆದರೆ ಮುಗಿಯಿತು ಎಂದು ಎಣಿಸಿಕೊಂಡಳು. ಯುವ ವಕೀಲ ಮೆಲ್ಲಗೆ ಕೇಳಿದ, ಸೊಂಡಿಲು ಅಂದರೆ ನಿಘಂಟಿನಲ್ಲಿ ಆನೆಯದು, ಇಲ್ಲಿ ಸಕ್ಷನ್ ಸ್ಲಾಟ್ ಹೇಗಾಯಿತು? ಇಲ್ಲಿ ಹಾಗೇ ಕರೆಯುತ್ತಾರೆ ಎಂದಳು. ಅದು ನಿಜ. ಸ್ವಾಮಿಯವರು ಗೆಲುವಿನಲ್ಲಿ ಕುರ್ಚಿಗೆ ಒರಗಿದ್ದು ಕಾಣಿಸಿತು. ಯುವ ವಕೀಲ ಕಾಗದ ತಿರುವಿದ.

"ಎರಡು ಸಾವಿರದ ಹದಿನಾರು, ನವೆಂಬರ್ ಹತ್ತೊಂಬತ್ತು. ಆ ದಿನವೂ ಸೊಂಡ್ಲು ಅಂದ್ರೆ ಬಟ್ಟೆ ಕೆಳಗಿನದೇ ಅಂತ ನಿಮ್ಮ ಹೇಳಿಕೆ?"

ಅವಳು ತಲೆಯಾಡಿಸಿದಳು.

ಟೈಪಿಸ್ಟನ ಬೆರಳು ಕೀಲಿಗಳ ಮೇಲೆ ನಿಂತೇ ಇತ್ತು. ನೀಲಾವತಿ ಕನ್ನಡಕದ ಮೇಲಿನಿಂದ ನೋಡಿದರು. "ತಲೆ ಆಡ್ಸಿದ್ರೆ ಟೈಪ್ ಆಗಲ್ಲಮ್ಮ," ಎಂದರು, ಬೇಸರವೇನಿಲ್ಲದ ದನಿಯಲ್ಲಿ. "ಹೌದೋ ಅಲ್ವೋ, ಬಾಯಲ್ಲಿ ಹೇಳ್ಬೇಕು."

ಬಾಗಿಲಿನ ಗಾಜಿನಾಚೆ ಬೆಂಚಿನ ಮೇಲೆ ಪುಟ್ಟಮಾದು ಕಾಣುತ್ತಿದ್ದರು, ತಲೆ ತಗ್ಗಿಸಿ, ತುಟಿ ಅಲುಗುತ್ತಿತ್ತು. ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಮಡಿಸುತ್ತ, ಎಲ್ಲಿಯೋ ತಪ್ಪಿ, ಎಲ್ಲವನ್ನೂ ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. ಈ ಸಲ ಲೆಕ್ಕ ಸರಿಹೋಗುತ್ತದೇನೋ ಎಂದು ಅವಳಿಗೆ ದಿಗಿಲಾಯಿತು. ಸರಿಹೋಗಿಬಿಟ್ಟರೆ ಆಮೇಲೆ ಅದನ್ನು ಯಾರೂ ಬಿಚ್ಚಲಾಗುವುದಿಲ್ಲ. ಭಾನುವಿನ ಕೈ, ಬಿಡಿಸಿಕೊಂಡ ಬಟ್ಟೆ, ಸ್ವಾಮಿಯವರ ಕಣ್ಣ ಕೆಳಗಿನ ಕಪ್ಪು, ಅರವತ್ತು ಜನ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಇಷ್ಟೊಂದರ ನಡುವೆ ಒಂದು ಮಾತಿಗೆ ದಾರಿ ಎಲ್ಲಿದೆ. ಕಂಪನಿಯ ವಕೀಲರು ಸಣ್ಣಗೆ ಕೆಮ್ಮಿದರು. ಹೌದು ಎನ್ನಲು ಅವಳು ಬಾಯಿ ತೆರೆದಳು, ಹೌದು ಎಂಬ ಪದ ನಾಲಿಗೆಯ ತುದಿಯಲ್ಲಿ ಕೂತಿದ್ದುದೂ ಗೊತ್ತಾಯಿತು, ಆದರೆ ಹೊರಬಂದ ದನಿ ಅವಳು ನಿರೀಕ್ಷಿಸಿದ್ದಕ್ಕಿಂತ ದೊಡ್ಡದಾಗಿತ್ತು. ಗಾಜಿನಾಚೆಯ ಮನುಷ್ಯ ಬೆರಳು ಹಿಡಿದುಕೊಂಡೇ ತಲೆಯೆತ್ತಿ ನೋಡುವಷ್ಟು.

"ಇಲ್ಲ ಮೇಡಂ. ಆಗ ಸೊಂಡ್ಲು ಮೇಲಿತ್ತು."